ಕೊಳೆರೋಗದಿಂದ ಹೌಳಿನ ನೀರಿನವರೆಗೆ: ಪ್ರೊಟಿಸ್ಟ್ ಎಂಬ ಕಾಣದ ಜೀವಿಗಳು

ಈ ತಿಂಗಳ ಖುತುಬಾಗಳ ಸಾರಾಂಶ ಎಂದಿನಂತೆ ಬೇರೆ ಪುಟಗಳಲ್ಲಿದೆ. ಇಲ್ಲಿ ನಾವು ಬರೆಯಹೊರಟಿರುವುದು ತೋಟದ ವಿಷಯ ಮತ್ತು ನೀರಿನ ವಿಷಯ. ಪುತ್ತೂರು, ಸುಳ್ಯ, ಕಡಬದ ಯಾವುದೇ ಮಸೀದಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜುಮಾ ಮುಗಿಸಿ ಹೊರಗೆ ಬರುವವರ ಬಾಯಲ್ಲಿ ಇರುವುದು ಒಂದೇ ಮಾತು: ಮದ್ದು ಬಿಟ್ಟಾಯಿತೇ, ಮಳೆ ಹೊಳವು ಕೊಟ್ಟಿತೇ, ನಿಮ್ಮಲ್ಲಿ ಕೊಳೆ ಹೇಗಿದೆ? ಹತ್ತು ಸೆಂಟ್ಸ್ ಜಾಗದಲ್ಲಿ ಮೂವತ್ತು ಮರ ಇರುವವರೂ ಕೇಳುತ್ತಾರೆ, ಮೂರು ಎಕರೆ ಇರುವವರೂ ಕೇಳುತ್ತಾರೆ. ತೋಟವೇ ಇಲ್ಲದೆ ಇನ್ನೊಬ್ಬರ ಮರ ಏರಿ ಮದ್ದು ಬಿಡುವವರಿಗೂ ಇದೇ ಮಾತು. ಮಗಳ ಮದುವೆ, ಮಗನ ಕಾಲೇಜು ಫೀಸು, ಸೊಸೈಟಿ ಸಾಲದ ಕಂತು ಎಲ್ಲವೂ ಆ ಗೊನೆಯಲ್ಲೇ ನೇತಾಡುತ್ತಿರುತ್ತವೆ. ಆದರೆ ಆ ಗೊನೆಯನ್ನು ಕೊಳೆಸುವ ಜೀವಿ ಯಾವುದು ಎಂದು ಕೇಳಿದರೆ ಹೆಚ್ಚಿನವರ ಉತ್ತರ 'ಅದೊಂದು ಫಂಗಸ್' ಎಂದು. ಅಂಗಡಿಯವರೂ ಹಾಗೆಯೇ ಹೇಳುತ್ತಾರೆ. ಅದು ಫಂಗಸ್ ಅಲ್ಲ. ಈ ವ್ಯತ್ಯಾಸ ತಿಳಿಯದೆ ಹಣ ಕಳೆದುಕೊಳ್ಳುವ ಮನೆಗಳಿವೆ.

ಶಾಲೆಯಲ್ಲಿ ಮಕ್ಕಳು ಜೀವಿಗಳ ಐದು ಸಾಮ್ರಾಜ್ಯಗಳನ್ನು ಬಾಯಿಪಾಠ ಮಾಡುತ್ತಾರೆ: ಮೊನೆರಾ, ಪ್ರೊಟಿಸ್ಟಾ, ಫಂಜೈ, ಸಸ್ಯ, ಪ್ರಾಣಿ. 1969ರಲ್ಲಿ ವಿಟ್ಟೇಕರ್ ಎಂಬ ಅಮೆರಿಕದ ವಿಜ್ಞಾನಿ ಕೊಟ್ಟ ವಿಂಗಡಣೆ ಇದು. ಪ್ರೊಟಿಸ್ಟಾ ಎಂಬ ಹೆಸರು ಅದಕ್ಕಿಂತ ಹಳೆಯದು, 1866ರಲ್ಲಿ ಜರ್ಮನಿಯ ಹೆಕೆಲ್ ಇಟ್ಟದ್ದು. ಸುಲಭವಾಗಿ ಹೇಳುವುದಾದರೆ ಬ್ಯಾಕ್ಟೀರಿಯಾದ ಒಳಗೆ ಕೋಶಕೇಂದ್ರ ಎಂಬ ಕೋಣೆ ಇಲ್ಲ, ಎಲ್ಲವೂ ಒಂದೇ ಹಾಲ್‌ನಲ್ಲಿ ಇದ್ದಂತೆ. ಪ್ರೊಟಿಸ್ಟ್‌ಗಳಿಗೆ ಆ ಕೋಣೆ ಇದೆ. ನಮ್ಮ ಮೈಯ ಕೋಶಗಳಲ್ಲಿ ಇರುವಂತಹದೇ ವ್ಯವಸ್ಥೆ, ಆದರೆ ಹೆಚ್ಚಿನವು ಒಂದೇ ಕೋಶದ ಜೀವಿಗಳು. ಉಣ್ಣುವುದು, ಓಡಾಡುವುದು, ಬೇಟೆಯಾಡುವುದು, ಸಂತಾನ ಎಲ್ಲವೂ ಆ ಒಂದೇ ಕೋಶದೊಳಗೆ. ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ಅಣಬೆಯ ಜಾತಿಯೂ ಅಲ್ಲ ಎಂದು ಉಳಿದವರನ್ನೆಲ್ಲ ಒಂದು ಪಂಕ್ತಿಯಲ್ಲಿ ಕೂರಿಸಿದ ಹಾಗಿದೆ ಈ ಗುಂಪು. ಹಾಗಾಗಿ ಇದು ಒಂದೇ ಕುಟುಂಬವಲ್ಲ. ಅಮೀಬಾಕ್ಕೂ ಕಡಲಿನ ಕಂದು ಪಾಚಿಗೂ ಇರುವ ಸಂಬಂಧ ಬಹಳ ದೂರದ್ದು.

ಇವುಗಳನ್ನು ಮೊದಲು ಕಂಡವರು ಪ್ರೊಫೆಸರ್ ಅಲ್ಲ, ಬಟ್ಟೆ ವ್ಯಾಪಾರಿ. ಹಾಲೆಂಡಿನ ಡೆಲ್ಫ್ಟ್ ಊರಿನ ಲೇವನ್‌ಹುಕ್. ಬಟ್ಟೆಯ ನೂಲಿನ ಗುಣ ನೋಡಲು ವ್ಯಾಪಾರಿಗಳು ಮಸೂರ ಬಳಸುತ್ತಿದ್ದ ಕಾಲ ಅದು. ಈತ ತಾನೇ ಸಣ್ಣ ಸಣ್ಣ ಮಸೂರ ತಿಕ್ಕಿ 1674ರಲ್ಲಿ ಊರ ಪಕ್ಕದ ಕೆರೆಯ ನೀರಿನ ಹನಿಯನ್ನು ನೋಡಿದಾಗ ಅದರಲ್ಲಿ ಜೀವಿಗಳು ಓಡಾಡುತ್ತಿದ್ದವು. 1681ರಲ್ಲಿ ತನಗೆ ಹೊಟ್ಟೆ ಕೆಟ್ಟಾಗ ತನ್ನ ಮಲವನ್ನೇ ಪರೀಕ್ಷಿಸಿ ಬೇಧಿ ತರುವ ಜಿಯಾರ್ಡಿಯಾ ಎಂಬ ಪ್ರೊಟಿಸ್ಟನ್ನೂ ಕಂಡ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮ ಸಹೋದರರಿಗೆ ಈ ಕಥೆ ಇಷ್ಟವಾಗಬಹುದು.

ಇನ್ನು ನಮ್ಮ ತೋಟಕ್ಕೆ ಬರೋಣ. ಕೊಳೆರೋಗ ತರುವ ಜೀವಿಯ ಹೆಸರು ಫೈಟೊಫ್ತೊರಾ. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ 'ಗಿಡನಾಶಕ'. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿಳಿ ನೂಲಿನ ಎಳೆಗಳಂತೆ ಹರಡಿಕೊಂಡಿರುತ್ತದೆ, ಆದ್ದರಿಂದ ನೂರಕ್ಕೂ ಹೆಚ್ಚು ವರ್ಷ ಇದನ್ನು ಶಿಲೀಂಧ್ರ ಎಂದೇ ತಿಳಿದಿದ್ದರು. ಇದರ ಬಳಗವನ್ನು ಪಿಯುಸಿ ಪುಸ್ತಕದಲ್ಲಿ ಶಿಲೀಂಧ್ರಗಳ ಜೊತೆಗೇ ಓದಿದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಶಿಲೀಂಧ್ರದ ಕೋಶಭಿತ್ತಿ ಕೈಟಿನ್ ಎಂಬ ವಸ್ತುವಿನದು. ಸಿಗಡಿಯ ಸಿಪ್ಪೆಯಲ್ಲಿ ಇರುವುದೂ ಅದೇ. ಫೈಟೊಫ್ತೊರಾದ ಭಿತ್ತಿ ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಅದರ ಹತ್ತಿರದ ವಸ್ತುಗಳದ್ದು. ಇನ್ನೂ ದೊಡ್ಡ ವ್ಯತ್ಯಾಸ ಎಂದರೆ ಇದರ ಬೀಜಾಣು ನೀರಿನಲ್ಲಿ ಈಜುತ್ತದೆ. ಎರಡು ಬಾಲಗಳಿವೆ, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ವಂಶವೃಕ್ಷ ಹಿಡಿದು ಹೋದರೆ ಇದರ ನೆಂಟರು ಅಣಬೆಗಳಲ್ಲ, ಕಡಲಿನ ಕಂದು ಪಾಚಿಗಳು ಮತ್ತು ಡಯಾಟಮ್ ಎಂಬ ಗಾಜಿನ ಚಿಪ್ಪಿನ ಪಾಚಿಗಳು. ಅಡಿಕೆ ಮರದ ತುದಿಯಲ್ಲಿ ಕೂತಿರುವುದು ಒಂದರ್ಥದಲ್ಲಿ ಹಸಿರು ಬಣ್ಣವೇ ಇಲ್ಲದ ಒಂದು ಪಾಚಿಯ ದಾಯಾದಿ.

ಅದು ಕೆಲಸ ಮಾಡುವ ಬಗೆ ಹೀಗೆ. ಹಿಂದಿನ ವರ್ಷದ ಕೊಳೆತ ಅಡಿಕೆ ನೆಲದಲ್ಲಿ, ಒಣಗಿದ ಗೊನೆ ಮರದಲ್ಲಿ ಉಳಿದಿರುತ್ತದೆ. ಅದರೊಳಗೆ ದಪ್ಪ ಗೋಡೆಯ ಬೀಜಾಣುಗಳು ಬೇಸಗೆಯನ್ನೆಲ್ಲ ನಿದ್ದೆಯಲ್ಲಿ ಕಳೆಯುತ್ತವೆ. ಮುಂಗಾರು ಹಿಡಿದು ಎರಡು ಮೂರು ವಾರ ಆದಾಗ ತೋಟದ ಒಳಗೆ ಶಾಖ ಇಪ್ಪತ್ತು ಇಪ್ಪತ್ತಮೂರು ಡಿಗ್ರಿಗೆ ಇಳಿಯುತ್ತದೆ, ಗಾಳಿಯ ತೇವ ನೂರರ ಹತ್ತಿರ ಬರುತ್ತದೆ. ಆಗ ಎಳೆಗಳ ತುದಿಯಲ್ಲಿ ನಿಂಬೆಹಣ್ಣಿನ ಆಕಾರದ ಸಣ್ಣ ಚೀಲಗಳು ಹುಟ್ಟುತ್ತವೆ. ಮಳೆಯ ಹನಿ ಚಿಮ್ಮಿ, ಗಾಳಿ ಬೀಸಿ ಆ ಚೀಲಗಳು ಇನ್ನೊಂದು ಗೊನೆಗೆ ತಲುಪುತ್ತವೆ. ಅಡಿಕೆಯ ಮೇಲೆ ನೀರಿನ ತೆಳು ಪೊರೆ ಇದ್ದರೆ ಚೀಲ ಒಡೆದು ಈಜುವ ಬೀಜಾಣುಗಳು ಹೊರಬೀಳುತ್ತವೆ. ಒಂದೊಂದೂ ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು. ಈ ಹೊತ್ತಿನಲ್ಲಿ ಅವಕ್ಕೆ ಗಟ್ಟಿ ಗೋಡೆ ಇಲ್ಲ, ಬೆತ್ತಲೆ. ತೊಟ್ಟಿನ ಬಳಿ, ಟೊಪ್ಪಿಯ ಅಡಿಯಲ್ಲಿ ನೀರು ನಿಲ್ಲುವ ಜಾಗ ಹುಡುಕಿ ಕೂರುತ್ತವೆ, ಬಾಲ ಕಳಚುತ್ತವೆ, ಗೋಡೆ ಕಟ್ಟಿಕೊಳ್ಳುತ್ತವೆ, ಮೊಳಕೆ ಬಿಟ್ಟು ಅಡಿಕೆಯ ಒಳಕ್ಕೆ ಇಳಿಯುತ್ತವೆ. ಕೆಲವು ದಿನಗಳಲ್ಲಿ ತೊಟ್ಟಿನ ಹತ್ತಿರ ನೀರು ಹೀರಿದಂತಹ ಕಡುಹಸಿರು ಕಲೆ. ಆಮೇಲೆ ಉದುರು. ಬುಡದ ಸುತ್ತ ಬಿದ್ದ ಅಡಿಕೆಯ ಮೇಲೆ ಬಿಳಿ ಹತ್ತಿಯಂತಹ ಪೊರೆ. ಇದನ್ನು ನಿಮಗೆ ವಿವರಿಸಬೇಕಾಗಿಲ್ಲ, ನೋಡಿ ನೋಡಿ ಸಾಕಾಗಿದೆ.

ಎಡೆಬಿಡದೆ ಸುರಿಯುವ ಮಳೆಗಿಂತ ಮಳೆ ಬಿಸಿಲು ಮಳೆ ಬಿಸಿಲು ಎಂದು ಆಟವಾಡುವ ವರ್ಷ ಕೊಳೆ ಹೆಚ್ಚು ಎಂದು ಹಿರಿಯರು ಹೇಳುತ್ತಾರೆ. ವಿಜ್ಞಾನಿಗಳು ಹೇಳುವುದೂ ಅದನ್ನೇ.

ಬೋರ್ಡೋ ದ್ರಾವಣ ಏಕೆ ಮಳೆ ಹಿಡಿಯುವ ಮೊದಲೇ ಬಿಡಬೇಕು ಎಂಬುದಕ್ಕೆ ಉತ್ತರ ಮೇಲಿನ ವಿವರದಲ್ಲೇ ಇದೆ. ಮೈಲುತುತ್ತು ಮತ್ತು ಸುಣ್ಣ ಸೇರಿ ಅಡಿಕೆಯ ಮೇಲೆ ನೀಲಿಬಿಳಿ ಲೇಪ ಕೂರುತ್ತದೆ. ಅದರಿಂದ ತಾಮ್ರದ ಅಂಶ ಸ್ವಲ್ಪ ಸ್ವಲ್ಪವೇ ನೀರಿನ ಪೊರೆಗೆ ಬಿಡುಗಡೆಯಾಗುತ್ತದೆ. ಗೋಡೆಯಿಲ್ಲದ ಬೀಜಾಣು ಆ ನೀರಿನಲ್ಲಿ ಈಜುವಾಗಲೇ ಸಾಯುತ್ತದೆ. ಒಮ್ಮೆ ಅದು ಅಡಿಕೆಯ ಒಳಗೆ ಇಳಿದ ಮೇಲೆ ಹೊರಗಿನ ಲೇಪಕ್ಕೆ ಅದನ್ನು ಮುಟ್ಟಲು ಆಗುವುದಿಲ್ಲ. ಅಂದರೆ ಇದು ಬಾಗಿಲ ಕಾವಲುಗಾರ, ಡಾಕ್ಟರ್ ಅಲ್ಲ. ಕೊಳೆ ಕಂಡ ಮೇಲೆ ಬಿಡುವ ಮದ್ದು ಉಳಿದ ಗೊನೆಗಳನ್ನು ಕಾಯಬಹುದು, ಕೆಟ್ಟ ಗೊನೆಯನ್ನು ಸರಿ ಮಾಡಲಾರದು.

ಲೆಕ್ಕ ನಿಮಗೆ ಗೊತ್ತಿದ್ದರೂ ಹೊಸಬರಿಗಾಗಿ ಬರೆಯುತ್ತೇವೆ, ಏಕೆಂದರೆ ಗಲ್ಫ್‌ನಿಂದ ಮರಳಿ ಬಂದು ತೋಟ ಹಿಡಿದ ಯುವಕರು ಈಗ ಬಹಳ. ಶೇಕಡಾ 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಒಳ್ಳೆಯ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತನ್ನು ಐವತ್ತು ಲೀಟರಿನಲ್ಲಿ, ಸುಣ್ಣವನ್ನು ಐವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ದು ಕಲಕಬೇಕು. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಸಾಕು. ಆಮೇಲೆ ಹೊಳೆಯುವ ಚೂರಿಯನ್ನು ಒಂದೆರಡು ನಿಮಿಷ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಬಣ್ಣ ಹಿಡಿದರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು. ಮಾಡಿದ ದಿನವೇ ಬಿಟ್ಟು ಮುಗಿಸಬೇಕು, ನಾಳೆಗೆ ಇಟ್ಟರೆ ಕೆಲಸ ಕೆಡುತ್ತದೆ. ಮೊದಲ ಸಲ ಮಳೆಗಾಲದ ಹೊಸ್ತಿಲಲ್ಲಿ, ಎರಡನೇ ಸಲ ನಲವತ್ತು ನಲವತ್ತೈದು ದಿನ ಕಳೆದು, ಮಳೆ ಎಳೆದರೆ ಮೂರನೆಯದು. ಬಿದ್ದ ಅಡಿಕೆಯನ್ನು, ಒಣ ಗೊನೆಯನ್ನು ತೋಟದಲ್ಲೇ ಬಿಟ್ಟು ಎಷ್ಟು ಮದ್ದು ಬಿಟ್ಟರೂ ಮುಂದಿನ ವರ್ಷದ ಬೀಜವನ್ನು ನಾವೇ ಕಾಪಾಡಿದಂತೆ. ಹೆಕ್ಕಿ ತೆಗೆದು ನಾಶ ಮಾಡುವುದು ಹೆಂಗಸರು ಮಕ್ಕಳೂ ಮಾಡಬಹುದಾದ ಕೆಲಸ, ಮರ ಏರಬೇಕಾಗಿಲ್ಲ.

ಮರ ಏರುವವರ ಬಗ್ಗೆ ಒಂದು ಮಾತು ನಡುವೆ ಹೇಳಿಬಿಡುತ್ತೇವೆ. ನೆನೆದ ಅಡಿಕೆ ಮರದ ಕಾಂಡದ ಮೇಲೆ ಪಾಚಿ ಇರುತ್ತದೆ. ಹೊಳವು ಕೊಟ್ಟ ಅರ್ಧ ದಿನದಲ್ಲಿ ಎಲ್ಲ ಮರ ಮುಗಿಸಿ ಎಂದು ಅವಸರ ಮಾಡುವುದು ತೋಟದ ಯಜಮಾನನಿಗೆ ಸುಲಭ, ಬೀಳುವವನು ಬೇರೆಯವನು. ಒಬ್ಬ ಬಿದ್ದರೆ ಒಂದು ಮನೆಯೇ ಮಲಗುತ್ತದೆ. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲಿ ನಿಂತು ಮದ್ದು ಬಿಡಬಹುದು. ದುಬಾರಿ ಹೌದು. ನಾಲ್ಕೈದು ಮನೆಯವರು ಸೇರಿ ಒಂದನ್ನು ಕೊಳ್ಳುವುದು ಆಗದ ಮಾತಲ್ಲ ಎಂಬುದು ನಮ್ಮ ಅಭಿಪ್ರಾಯ.

ಈ ದ್ರಾವಣದ ಹುಟ್ಟಿನ ಕಥೆ ಸ್ವಾರಸ್ಯದ್ದು. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ತೋಟದವರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣ ಎರಚುತ್ತಿದ್ದರು. ನೋಡಿದವರಿಗೆ ವಿಷ ಎಂದು ಭಯವಾಗಲಿ ಎಂಬ ಉಪಾಯ. ಆ ಕಾಲದಲ್ಲಿ ದ್ರಾಕ್ಷಿಗೆ ಬೂಜು ರೋಗ ಬಂದಾಗ ರಸ್ತೆ ಬದಿಯ ಬಳ್ಳಿಗಳು ಮಾತ್ರ ಹಸಿರಾಗಿ ಉಳಿದದ್ದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು 1882ರಲ್ಲಿ ಗಮನಿಸಿ, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಆ ದ್ರಾಕ್ಷಿ ರೋಗದ ಜೀವಿಯೂ ಫೈಟೊಫ್ತೊರಾದ ಬಳಗದ್ದೇ. ಕಳ್ಳರಿಗೆಂದು ಎರಚಿದ್ದು ಪ್ರೊಟಿಸ್ಟಿಗೆ ತಾಗಿತು.

ಇದೇ ಬಳಗದ ಇನ್ನೊಂದು ಜೀವಿ ಆಲೂಗಡ್ಡೆಯ ಅಂಗಮಾರಿ ತಂದದ್ದು. 1845ರಿಂದ ಕೆಲವು ವರ್ಷ ಐರ್ಲೆಂಡಿನಲ್ಲಿ ಆಲೂಗಡ್ಡೆ ನೆಲದಲ್ಲೇ ಕೊಳೆಯಿತು. ಸುಮಾರು ಹತ್ತು ಲಕ್ಷ ಜನ ಹಸಿವೆಯಿಂದ ಮತ್ತು ಅದರ ಬೆನ್ನಿಗೆ ಬಂದ ರೋಗಗಳಿಂದ ತೀರಿಕೊಂಡರು, ಅಷ್ಟಕ್ಕಿಂತ ಹೆಚ್ಚು ಮಂದಿ ಊರು ಬಿಟ್ಟು ಕಡಲಾಚೆ ಹೋದರು. 1847ರಲ್ಲಿ ಉಸ್ಮಾನಿ ಸುಲ್ತಾನ ಅಬ್ದುಲ್ ಮಜೀದ್ ಅವರು ಐರ್ಲೆಂಡಿನ ಹಸಿದವರಿಗಾಗಿ ಒಂದು ಸಾವಿರ ಪೌಂಡ್ ಕಳುಹಿಸಿದ್ದು ಇತಿಹಾಸದಲ್ಲಿ ದಾಖಲಾಗಿದೆ. ವಾಟ್ಸಾಪಿನಲ್ಲಿ ಈ ಮೊತ್ತ ಹತ್ತು ಪಟ್ಟು ಆಗಿ, ಹಡಗುಗಳ ಕಥೆಯೂ ಸೇರಿ ತಿರುಗಾಡುತ್ತದೆ. ಸಾವಿರ ಪೌಂಡೇ ಆ ಕಾಲಕ್ಕೆ ದೊಡ್ಡ ಉಪಕಾರ, ಅದಕ್ಕೆ ಬಣ್ಣ ಹಚ್ಚಬೇಕಾಗಿಲ್ಲ. ರೋಗಕ್ಕೆ ಕಾರಣ ಕೆಟ್ಟ ಗಾಳಿಯಲ್ಲ, ಜೀವಿ ಎಂಬುದನ್ನು 1861ರಲ್ಲಿ ಜರ್ಮನಿಯ ಡಿ ಬೇರಿ ಸಾಧಿಸಿ ತೋರಿಸಿದರು. 1876ರಲ್ಲಿ ಅದಕ್ಕೆ ಫೈಟೊಫ್ತೊರಾ ಎಂದು ಹೆಸರಿಟ್ಟವರೂ ಅವರೇ.

ನಮ್ಮ ನಾಡಿನಲ್ಲಿ ಕೊಳೆರೋಗದ ಹಿಂದಿರುವುದು ಇದೇ ಬಳಗ ಎಂದು ವಿವರವಾಗಿ ತೋರಿಸಿದವರು ಲೆಸ್ಲಿ ಕೋಲ್ಮನ್. ಕೆನಡಾದವರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು ಮಲೆನಾಡಿನ ತೋಟಗಳಲ್ಲಿ ಓಡಾಡಿ 1910ರಲ್ಲಿ ಕೊಳೆರೋಗದ ಬಗ್ಗೆ ವರದಿ ಪ್ರಕಟಿಸಿದರು. ಅದುವರೆಗೆ ಗೊನೆಗಳಿಗೆ ಕೊಟ್ಟೆ ಕಟ್ಟುವುದೊಂದೇ ಮಲೆನಾಡಿನ ದಾರಿ. ಮಳೆ ನೀರು ಅಡಿಕೆಯ ಮೇಲೆ ನಿಲ್ಲದಂತೆ ಗೊನೆಗೊಂದು ಟೊಪ್ಪಿ. ವಿಜ್ಞಾನ ಗೊತ್ತಿಲ್ಲದೆಯೂ ನಮ್ಮ ಹಿರಿಯರು ನೀರಿನ ಪೊರೆಯೇ ಶತ್ರುವಿನ ದಾರಿ ಎಂದು ಹಿಡಿದಿದ್ದರು ಎಂಬುದು ಇದರಿಂದ ತಿಳಿಯುತ್ತದೆ. ಕೋಲ್ಮನ್ ಅವರು ಬೋರ್ಡೋ ದ್ರಾವಣವನ್ನು ಅಡಿಕೆಗೆ ಒಗ್ಗಿಸಿ, ಮಳೆಗೆ ತೊಳೆದು ಹೋಗದಂತೆ ಅಂಟು ಸೇರಿಸಿ ಬಿಡುವುದನ್ನು ರೂಢಿಗೆ ತಂದರು. ನೂರು ವರ್ಷ ಕಳೆದರೂ ನಾವು ಇಂದಿಗೂ ನಂಬಿಕೊಂಡಿರುವುದು ಅದನ್ನೇ. ಇಂದು ನಮ್ಮ ಹತ್ತಿರ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವಿದೆ, ಕಡಬ ತಾಲೂಕಿನ ಕಿದುವಿನಲ್ಲಿ ಅದೇ ಸಂಸ್ಥೆಯ ಇನ್ನೊಂದು ಕೇಂದ್ರ. ಸಂಶಯ ಇದ್ದವರು ಕೆಟ್ಟ ಅಡಿಕೆಯನ್ನು ಚೀಲದಲ್ಲಿ ಹಾಕಿಕೊಂಡು ಅಲ್ಲಿಗೆ ಹೋಗಿ ಕೇಳಬಹುದು.

ಈಗ ಹಣ ಪೋಲಾಗುವ ವಿಷಯ. ಸುಳ್ಯದ ತೋಟಗಳಲ್ಲಿ ಈಗ ಮೂರು ದೊಡ್ಡ ರೋಗಗಳ ಹೆಸರು ಕೇಳಿಬರುತ್ತದೆ. ಕೊಳೆರೋಗ, ಎಲೆಚುಕ್ಕಿ ರೋಗ, ಮತ್ತು ಸಂಪಾಜೆ ಅರಂತೋಡಿನ ಕಡೆ ತೋಟಗಳನ್ನೇ ಬರಿದು ಮಾಡಿದ ಹಳದಿ ಎಲೆ ರೋಗ. ಒಂದೇ ಮರ, ಆದರೆ ಮೂರು ಬೇರೆ ಬೇರೆ ಸಾಮ್ರಾಜ್ಯಗಳ ಜೀವಿಗಳು. ಎಲೆಚುಕ್ಕಿ ತರುವುದು ನಿಜವಾದ ಶಿಲೀಂಧ್ರ. ಹಳದಿ ಎಲೆ ತರುವುದು ಫೈಟೊಪ್ಲಾಸ್ಮಾ, ಅದು ಗೋಡೆಯಿಲ್ಲದ ಬ್ಯಾಕ್ಟೀರಿಯಾದ ಜಾತಿ, ಮರದ ರಸನಾಳದೊಳಗೆ ಬದುಕುತ್ತದೆ, ರಸ ಹೀರುವ ಕೀಟದಿಂದ ಹರಡುತ್ತದೆ. ಕೊಳೆರೋಗದ್ದು ಪ್ರೊಟಿಸ್ಟ್. ಶಿಲೀಂಧ್ರನಾಶಕಗಳಲ್ಲಿ ಪ್ರೊಪಿಕೊನಝೋಲ್‌ನಂತಹವು ಶಿಲೀಂಧ್ರವು ತನ್ನ ಕೋಶಕ್ಕೆ ಬೇಕಾದ ಎರ್ಗೊಸ್ಟೆರಾಲ್ ತಯಾರಿಸುವುದನ್ನು ತಡೆದು ಕೊಲ್ಲುತ್ತವೆ. ಫೈಟೊಫ್ತೊರಾ ಆ ವಸ್ತುವನ್ನು ತಯಾರಿಸುವುದೇ ಇಲ್ಲ, ಮತ್ತೆ ತಡೆಯುವುದೇನನ್ನು? ಕಾರ್ಬೆಂಡಜಿಮ್ ಕೂಡ ಇದರ ಮೇಲೆ ನಡೆಯುವುದಿಲ್ಲ. ಎಲೆಚುಕ್ಕಿಗೆ ತಂದ ಬಾಟ್ಲಿಯನ್ನೇ ಕೊಳೆರೋಗಕ್ಕೂ ಬಿಟ್ಟು 'ಮದ್ದು ಡುಪ್ಲಿಕೇಟ್' ಎಂದು ಅಂಗಡಿಯವನನ್ನು ಬಯ್ಯುವವರಿದ್ದಾರೆ. ಮದ್ದು ಅಸಲಿಯೇ ಇರಬಹುದು, ಬೀಗ ಬೇರೆ. ಹಳದಿ ಎಲೆಗಂತೂ ಸಿಂಪಡಿಸಿ ಗುಣಪಡಿಸುವ ಮದ್ದೇ ಇಲ್ಲ. 'ಹಳದಿಗೆ ಗ್ಯಾರಂಟಿ ಮದ್ದು' ಎಂದು ಮನೆಬಾಗಿಲಿಗೆ ಬರುವವರಿಗೆ ದಯವಿಟ್ಟು ಹಣ ಕೊಡಬೇಡಿ.

ಫೈಟೊಫ್ತೊರಾ ಅಡಿಕೆಗೆ ನಿಲ್ಲುವುದಿಲ್ಲ. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ ಮಳೆಗಾಲದಲ್ಲಿ ಎರಡೇ ವಾರದಲ್ಲಿ ಬಾಡಿ ಸಾಯುವ ಸೊರಗು ರೋಗ ಇದೇ ಕುಲದ ಇನ್ನೊಂದು ಜಾತಿಯ ಕೆಲಸ. ಎಡೆಯಲ್ಲಿ ನೆಟ್ಟ ಕೊಕ್ಕೋ ಕಾಯಿ ಕಪ್ಪಾಗಿ ಕೊಳೆಯುವುದು ಮತ್ತೊಂದರದ್ದು. 1986ರಲ್ಲಿ ಪುತ್ತೂರಿಗೆ ಕ್ಯಾಂಪ್ಕೊ ಚಾಕಲೇಟ್ ಕಾರ್ಖಾನೆ ಬಂದ ಮೇಲೆ ಕೊಕ್ಕೋ ನೆಟ್ಟವರಿಗೆ ಇದರ ಪರಿಚಯ ಚೆನ್ನಾಗಿ ಇದೆ. ತೆಂಗಿನ ಸುಳಿ ಕೊಳೆಯುವುದು, ಸುಳ್ಯದ ರಬ್ಬರ್ ತೋಟಗಳಲ್ಲಿ ಮಳೆಗಾಲದಲ್ಲಿ ಎಲೆ ಉದುರುವುದು, ಎಲ್ಲ ಒಂದೇ ಕುಲ. ನಮ್ಮ ಮಿಶ್ರ ತೋಟ ಅದಕ್ಕೆ ಮನೆಯಿಂದ ಮನೆಗೆ ಹೋದಂತೆ. ನೀರು ಬಸಿದು ಹೋಗುವ ಕಣಿ ಸರಿಯಾಗಿದ್ದರೆ ಈ ಎಲ್ಲಕ್ಕೂ ಅರ್ಧ ಕಡಿವಾಣ, ಅದಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ, ಹಾರೆ ಸಾಕು.

ಇಷ್ಟು ಓದಿ ಪ್ರೊಟಿಸ್ಟ್ ಎಂದರೆ ಶತ್ರು ಎಂದು ತಿಳಿದರೆ ಅದು ಅನ್ಯಾಯ. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಗೆ ಸೇರುವಲ್ಲಿಗೆ, ಅಥವಾ ಸುಳ್ಯದ ಪಯಸ್ವಿನಿಗೆ ಬೇಸಗೆಯಲ್ಲಿ ಇಳಿದವರಿಗೆ ಕಾಲು ಜಾರುವ ಕಲ್ಲುಗಳು ಗೊತ್ತು. ಕಲ್ಲಿನ ಮೇಲಿನ ಆ ಕಂದು ಲೋಳೆಯಲ್ಲಿ ಹೆಚ್ಚಾಗಿ ಇರುವುದು ಡಯಾಟಮ್‌ಗಳು. ಮರಳಿನ ಅಂಶವಾದ ಸಿಲಿಕಾದಿಂದ ಕೆತ್ತಿದಂತಹ ಗಾಜಿನ ಪೆಟ್ಟಿಗೆ, ಮುಚ್ಚಳ ಸಮೇತ, ಅದರೊಳಗೆ ಒಂದು ಕೋಶ. ಬಿಸಿಲು ಹೀರಿ ಆಹಾರ ಮಾಡುತ್ತದೆ, ಆಮ್ಲಜನಕ ಬಿಡುತ್ತದೆ. ಇಡೀ ಭೂಮಿಯ ಮೇಲೆ ಬಿಸಿಲಿನಿಂದ ನಡೆಯುವ ಆಹಾರ ತಯಾರಿಯಲ್ಲಿ ಸುಮಾರು ಐದನೇ ಒಂದು ಪಾಲು ಡಯಾಟಮ್‌ಗಳದ್ದೇ ಎಂಬುದು ವಿಜ್ಞಾನಿಗಳ ಅಂದಾಜು. ನಾವು ಎಳೆಯುವ ಪ್ರತಿ ಐದು ಉಸಿರಿನಲ್ಲಿ ಒಂದಕ್ಕೆ ಇವುಗಳಿಗೆ ಋಣಿಗಳು ಎನ್ನಬಹುದು. ಹೊಳೆಯ ಬಸವನ ಹುಳು, ಕೀಟದ ಮರಿ, ಸಣ್ಣ ಮೀನು ಆ ಲೋಳೆಯನ್ನು ಕೆರೆದು ತಿಂದು ಬದುಕುತ್ತವೆ, ಅವನ್ನು ದೊಡ್ಡ ಮೀನು ತಿನ್ನುತ್ತದೆ.

ಕಡಲಿನಲ್ಲಿ ಇದು ಇನ್ನೂ ನೇರ. ಮಳೆಗಾಲದಲ್ಲಿ ಕರಾವಳಿಯ ಆಳದ ತಣ್ಣೀರು ಮೇಲಕ್ಕೆ ಬರುತ್ತದೆ, ಜೊತೆಗೆ ತಳದ ಪೋಷಕಾಂಶಗಳನ್ನೂ ತರುತ್ತದೆ. ಡಯಾಟಮ್‌ಗಳು ರಾಶಿ ರಾಶಿಯಾಗಿ ಹೆಚ್ಚುತ್ತವೆ. ಬೂತಾಯಿ ಮೀನು ಬಾಯಿ ತೆರೆದು ಈಜುತ್ತಾ ಅವನ್ನು ಸೋಸಿ ತಿನ್ನುತ್ತದೆ. ಮಳೆಗಾಲ ಕಳೆದು ಮಂಗಳೂರಿನ ದಕ್ಕೆಯಿಂದ ಬಂದ ಬೂತಾಯಿ ಪುತ್ತೂರಿನ ಮೀನು ಮಾರ್ಕೆಟಿನಲ್ಲಿ ಅಗ್ಗವಾದರೆ, ಆ ವರ್ಷ ಡಯಾಟಮ್‌ಗಳ ಬೆಳೆ ಚೆನ್ನಾಗಿತ್ತು ಎಂದು ತಿಳಿಯುವುದರಲ್ಲಿ ಹೆಚ್ಚಿನ ತಪ್ಪಿಲ್ಲ. ಬೂತಾಯಿ ಸಾರಿನಲ್ಲಿರುವ ಎಣ್ಣೆಯ ಮೂಲ ಅಲ್ಲಿದೆ.

ಉಳುಹಿಯ್ಯತ್ ದಿನ ಬೋಟಿ ತೊಳೆದವರಿಗೆ ಆಡಿನ ಹೊಟ್ಟೆಯ ಹಸಿರು ನೀರು ಗೊತ್ತಿರುತ್ತದೆ. ಆ ನೀರಿನ ಒಂದು ಮಿಲಿಲೀಟರಿನಲ್ಲಿ ಹತ್ತು ಸಾವಿರದಿಂದ ಹತ್ತು ಲಕ್ಷದವರೆಗೆ ಕೂದಲು ಮೈಯ ಪ್ರೊಟಿಸ್ಟ್‌ಗಳು ಈಜುತ್ತಿರುತ್ತವೆ. ಬ್ಯಾಕ್ಟೀರಿಯಾಗಳ ಜೊತೆ ಸೇರಿ ಸೊಪ್ಪಿನ ನಾರನ್ನು ಒಡೆಯುವ ಕೆಲಸದಲ್ಲಿ ಇವಕ್ಕೂ ಪಾಲಿದೆ. ತೋಟದ ಮಣ್ಣಿನಲ್ಲೂ ಅಮೀಬಾಗಳು ಬ್ಯಾಕ್ಟೀರಿಯಾಗಳನ್ನು ಮೇಯುತ್ತವೆ. ಮೇದು ಹೆಚ್ಚಾದ ಸಾರಜನಕವನ್ನು ಹೊರಹಾಕುತ್ತವೆ, ಬೇರು ಅದನ್ನು ಹೀರುತ್ತದೆ. ಹಟ್ಟಿಗೊಬ್ಬರ ಹಾಕಿದ ತೋಟ ಹಸಿರಾಗುವುದರ ಹಿಂದೆ ಈ ಮೇವಿನ ಲೆಕ್ಕವೂ ಇದೆ. ಬರಿಯ ಮೈಲುತುತ್ತು ಕಂಡಕಂಡಲ್ಲಿ ನೆಲಕ್ಕೆ ಸುರಿದರೆ ತಾಮ್ರ ಮಣ್ಣಿನಲ್ಲಿ ಉಳಿದು ಇವೂ ಸಾಯುತ್ತವೆ. ಗೊನೆಗೆ ಬೇಕಾದಷ್ಟೇ ಸಾಕು.

ಮನುಷ್ಯನಿಗೆ ರೋಗ ತರುವವುಗಳಲ್ಲಿ ಮಲೇರಿಯಾದ ಪ್ಲಾಸ್ಮೋಡಿಯಂ ಎಲ್ಲರಿಗೂ ಗೊತ್ತು. 1880ರಲ್ಲಿ ಅಲ್ಜೀರಿಯಾದಲ್ಲಿ ಲಾವೆರಾನ್ ಅದನ್ನು ಸೈನಿಕನ ರಕ್ತದಲ್ಲಿ ಕಂಡರು, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡರು. ಮಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವ ನಮ್ಮ ಹುಡುಗರಿಗೆ ಒಂದೇ ಮಾತು: ವೈವಾಕ್ಸ್ ಜಾತಿಯದು ಜ್ವರ ಬಿಟ್ಟ ಮೇಲೂ ಯಕೃತ್ತಿನಲ್ಲಿ ಅಡಗಿರುತ್ತದೆ, ಆದ್ದರಿಂದ ಡಾಕ್ಟರ್ ಎಷ್ಟು ದಿನ ಹೇಳಿದರೋ ಅಷ್ಟು ದಿನ ಮಾತ್ರೆ ನುಂಗಿ. ಮೂರನೇ ದಿನ ಬಿಟ್ಟರೆ ಮೂರನೇ ತಿಂಗಳು ಮತ್ತೆ ಚಳಿ.

ಇನ್ನು ಮಸೀದಿಯ ನೀರಿನ ವಿಷಯ. ನಮ್ಮ ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದಿಂದ ಬರುವ ಮೆದುಳು ಜ್ವರದ ಸುದ್ದಿಗಳು ಬಂದಾಗ ಅನೇಕರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: ಉಸ್ತಾದರೇ, ಹೌಳಿನ ನೀರನ್ನು ಮೂಗಿಗೆ ಎಳೆಯಬಹುದೇ?

ಈ ಅಮೀಬಾದ ಹೆಸರು ನೇಗ್ಲೇರಿಯಾ ಫೌಲೆರಿ. 1965ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಮೊದಲು ವಿವರಿಸಿದರು. ಬೆಚ್ಚಗಿನ ಸಿಹಿನೀರಿನಲ್ಲಿ, ಕೆಸರಿನಲ್ಲಿ, ತೊಳೆಯದ ಟ್ಯಾಂಕಿನ ಗೋಡೆಯ ಲೋಳೆಯಲ್ಲಿ ಬ್ಯಾಕ್ಟೀರಿಯಾ ತಿಂದು ಬದುಕುತ್ತದೆ. ಅದಕ್ಕೆ ಮನುಷ್ಯನ ಹಂಗೇ ಇಲ್ಲ. ಕುಡಿದರೆ ರೋಗ ಬರುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಮೂಗಿನ ಮೇಲ್ಭಾಗಕ್ಕೆ ರಭಸದಿಂದ ನೀರು ಹೋದಾಗ ಮಾತ್ರ, ವಾಸನೆಯ ನರದ ದಾರಿ ಹಿಡಿದು ಮೆದುಳಿಗೆ ಹೋಗುತ್ತದೆ. ಬಹಳ ಅಪರೂಪದ ರೋಗ, ಆದರೆ ಬಂದರೆ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿ ಉಳಿಯುವುದಿಲ್ಲ. ಬೇಗ ಗುರುತಿಸಿ ಚಿಕಿತ್ಸೆ ಕೊಟ್ಟದ್ದರಿಂದ 2024ರಲ್ಲಿ ಕೇರಳದಲ್ಲಿ ಒಬ್ಬ ಹುಡುಗ ಬದುಕಿ ಬಂದ. ಹೊಳೆಯಲ್ಲೋ ಕೆರೆಯಲ್ಲೋ ಮುಳುಗಿ ಆಡಿದ ಮಗುವಿಗೆ ವಾರ ಹತ್ತು ದಿನದೊಳಗೆ ತೀವ್ರ ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ ಬಂದರೆ, ಡಾಕ್ಟರಿಗೆ 'ಹೊಳೆಗೆ ಇಳಿದಿದ್ದ' ಎಂಬ ಮಾತನ್ನು ತಪ್ಪದೆ ಹೇಳಿ. ಆ ಒಂದು ಮಾತು ಪರೀಕ್ಷೆಯ ದಾರಿಯನ್ನೇ ಬದಲಿಸುತ್ತದೆ.

ಕರಾಚಿಯಲ್ಲಿ ಈಜಲು ಹೋಗದವರಿಗೂ ಈ ರೋಗ ಬಂದಾಗ, ವುಳೂವಿನಲ್ಲಿ ಮೂಗಿಗೆ ಎಳೆದ ನಲ್ಲಿ ನೀರಿನತ್ತ ಅಲ್ಲಿನ ವೈದ್ಯರು ಬೊಟ್ಟು ಮಾಡಿದರು. ನೀರಿನಲ್ಲಿ ಕ್ಲೋರಿನ್ ಸಾಕಷ್ಟು ಇರಲಿಲ್ಲ. ಹಾಗೆಂದು ಮೂಗಿಗೆ ನೀರೆಳೆಯುವುದನ್ನೇ ಬಿಡಬೇಕು ಎಂದು ಕೆಲವರು ವಾಟ್ಸಾಪಿನಲ್ಲಿ ತೀರ್ಪು ಕೊಡುತ್ತಿದ್ದಾರೆ. ಬಿಡಬೇಕಾಗಿಲ್ಲ. ಶಾಫಿಈ ಮದ್‌ಹಬಿನಲ್ಲಿ ವುಳೂವಿನಲ್ಲಿ ಇಸ್ತಿನ್‌ಶಾಕ್ ಸುನ್ನತ್. ನೀರು ಮೂಗಿನೊಳಗೆ ಮುಟ್ಟಿದರೆ ಮೂಲ ಸುನ್ನತ್ ಸಿಗುತ್ತದೆ. ಉಪವಾಸ ಇಲ್ಲದವರು ಚೆನ್ನಾಗಿ ಎಳೆಯುವುದು ಹೆಚ್ಚಿನ ಶ್ರೇಷ್ಠತೆ, ಆದರೆ ನೀರಿನ ಬಗ್ಗೆ ಭಯವಿದ್ದಲ್ಲಿ ಮೃದುವಾಗಿ ಮುಟ್ಟಿಸಿ ಸೀನಿದರೆ ಸಾಕು. ಹನಫೀ ಮದ್‌ಹಬಿನ ನಮ್ಮ ಸಹೋದರರಿಗೆ ಗುಸ್ಲ್‌ನಲ್ಲಿ ಮೂಗಿಗೆ ನೀರು ಮುಟ್ಟಿಸುವುದು ಫರ್ಳ್, ಅವರು ಹೇಗೂ ಬಿಡಲಾರರು. ಹಾಗಾಗಿ ಪ್ರಶ್ನೆ ಮೂಗಿನದಲ್ಲ, ನೀರಿನದು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಎರಡು ಖುಲ್ಲತ್‌ಗಿಂತ ಹೆಚ್ಚು ನೀರಿದ್ದು ಬಣ್ಣ, ರುಚಿ, ವಾಸನೆ ಕೆಡದಿದ್ದರೆ ನಜಸ್ ಬಿದ್ದರೂ ಅದು ಶುದ್ಧ ಎಂದು ನಾವು ಫಿಕ್‌ಹ್‌ನಲ್ಲಿ ಓದಿದ್ದೇವೆ, ಮಕ್ಕಳಿಗೂ ಕಲಿಸುತ್ತೇವೆ. ಆ ಮಾತು ನಮಾಝಿನ ಸಿಂಧುತ್ವದ್ದು. ನೀರಿನಲ್ಲಿ ರೋಗಾಣು ಇಲ್ಲ ಎಂದು ಅದು ಹೇಳುವುದಿಲ್ಲ. ತಾಹಿರ್ ಆದ ನೀರಿನಲ್ಲೂ ಅಮೀಬಾ ಇರಬಹುದು. ಕ್ಲೋರಿನ್ ಹಾಕಿದರೆ ವಾಸನೆ ಬದಲಾಗಿ ವುಳೂ ಆಗದು ಎಂಬ ಆಕ್ಷೇಪವೂ ಕೇಳಿಬಂದಿದೆ. ನೀರು ಎಂಬ ಹೆಸರೇ ಹೋಗುವಷ್ಟು ಬದಲಾದರೆ ಮಾತ್ರ ಆ ಮಾತು. ಸ್ವಲ್ಪ ಬ್ಲೀಚಿಂಗ್ ವಾಸನೆಯಿಂದ ವುಳೂವಿಗೆ ಏನೂ ಆಗದು.

ಜಮಾಅತ್ ಕಮಿಟಿಗಳು ಮಾಡಬೇಕಾದದ್ದು ದೊಡ್ಡ ಖರ್ಚಿನದಲ್ಲ. ಹೌಳನ್ನೂ ಮೇಲಿನ ಟ್ಯಾಂಕನ್ನೂ ಖಾಲಿ ಮಾಡಿ ಗೋಡೆಯ ಲೋಳೆಯನ್ನು ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ನೀರು ಬದಲಿಸಿದರೆ ಮಾತ್ರ ಸಾಲದು, ಏಕೆಂದರೆ ಅಮೀಬಾ ಮೇಯುವ ಹುಲ್ಲುಗಾವಲು ಆ ಲೋಳೆ. ಆಮೇಲೆ ಬ್ಲೀಚಿಂಗ್ ಪೌಡರ್. ಒಂದು ಸಾವಿರ ಲೀಟರ್ ನೀರಿಗೆ ಹಳತಾಗದ ಒಳ್ಳೆಯ ಪೌಡರ್ 2.5 ಗ್ರಾಂ ಎಂಬುದು ಆರೋಗ್ಯ ಇಲಾಖೆಯವರು ಕಲಿಸುವ ಸಾಮಾನ್ಯ ಲೆಕ್ಕ, ಹಾಕಿ ಒಂದು ಗಂಟೆ ಬಿಡಬೇಕು. ತುಂಬಾ ಕೆಟ್ಟ ನೀರಿಗೆ ಹೆಚ್ಚು ಬೇಕು, ಅದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಸಿ ಕೇಳಿ. ಕೇರಳದಲ್ಲಿ 2025ರಲ್ಲಿ ಸರಕಾರವೇ ಅಭಿಯಾನ ನಡೆಸಿ ಬಾವಿ, ಟ್ಯಾಂಕುಗಳಿಗೆ ಕ್ಲೋರಿನ್ ಹಾಕಿಸಿತು. ಒಮ್ಮೆ ಹಾಕಿ ಮರೆತರೆ ಪ್ರಯೋಜನವಿಲ್ಲ, ಬಿಸಿಲಿಗೆ ಕ್ಲೋರಿನ್ ಹಾರಿಹೋಗುತ್ತದೆ. ಟ್ಯಾಂಕಿಗೆ ಗಟ್ಟಿ ಮುಚ್ಚಳವೂ ಬೇಕು, ಮಲೇರಿಯಾದ ಸೊಳ್ಳೆ ಮೊಟ್ಟೆ ಇಡುವುದು ಮುಚ್ಚಳವಿಲ್ಲದ ಇಂತಹ ಟ್ಯಾಂಕುಗಳಲ್ಲೇ.

ನೀರು ಬೆಚ್ಚಗಾಗುವ ಮಾರ್ಚ್, ಎಪ್ರಿಲ್, ಮೇ ತಿಂಗಳುಗಳಲ್ಲಿ ಈ ಕೆಲಸ ಹೆಚ್ಚು ಮುಖ್ಯ, ಮದ್‌ರಸದ ಮಕ್ಕಳಿಗೆ ದೊಡ್ಡ ರಜೆ ಸಿಕ್ಕಿ ಹೊಳೆಗೆ ಇಳಿಯುವುದೂ ಅದೇ ತಿಂಗಳುಗಳಲ್ಲಿ. ಹೌಳು ತೊಳೆಯಲು ಶಅಬಾನ್ ಬರಲಿ ಎಂದು ಕಾಯುವ ರೂಢಿ ಕೆಲವು ಕಡೆ ಇದೆ. ಹಿಜ್‌ರಿ ತಿಂಗಳು ಪ್ರತಿ ವರ್ಷ ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಬೇಸಗೆ ಸರಿಯುವುದಿಲ್ಲ. ಆದ್ದರಿಂದ ಇದನ್ನು ಇಂಗ್ಲಿಷ್ ಕ್ಯಾಲೆಂಡರಿನಲ್ಲೇ, ಫೆಬ್ರವರಿ ಕೊನೆಗೆ ಒಂದು ಸಲ ಮತ್ತು ಆಮೇಲೆ ತಿಂಗಳಿಗೊಮ್ಮೆ ಎಂದು ಕಮಿಟಿಯ ಪುಸ್ತಕದಲ್ಲಿ ಬರೆದಿಡಿ.